ರಿವ್ಯೂ ‘ಹೊಡೆಯುವ’ ಮುನ್ನ...

ನಾನು ಮೈಸೂರಿನಲ್ಲಿ ಹೌಸ್ ಸರ್ಜನ್. ಸರ್ಜರಿಯಲ್ಲಿ ಪಿಜಿ ಮಾಡುವ ಕನಸಿರುವ ನಮ್ಮಂಥವರ ನಡುವೆ ಈಗ ಒಂದು ಮಾತು ಚಾಲ್ತಿಯಲ್ಲಿದೆ: ‘ಮಗಾ, ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಹೊಡೆದುಬಿಡೋಣ. ಪೇಷಂಟೂ ಬೇಡ, ಲ್ಯಾಬೂ ಬೇಡ. ಲ್ಯಾಪ್‌ಟಾಪ್ ಇದ್ರೆ ಸಾಕು’. ರೆಸ್ಯೂಮೆಗೆ ಒಂದು ಸಾಲು ಸೇರುತ್ತದೆ, ನಿಜ. ಆದರೆ ಆ ಸಾಲನ್ನು ನಂಬಿ ನಾಳೆ ಯಾರೋ ಆಪರೇಷನ್ ಮಾಡುತ್ತಾರಲ್ಲ?

ಒಂದು ಪ್ರಶ್ನೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ಪ್ರತಿಯೊಂದರ ಗುಣಮಟ್ಟ ಅಳೆದು, ಒಟ್ಟಾರೆ ಉತ್ತರ ಹೇಳುವುದೇ ಸಿಸ್ಟಮ್ಯಾಟಿಕ್ ರಿವ್ಯೂ. ಆಪರೇಷನ್‌ಗೆ ಮುನ್ನ ಬ್ಲೇಡಿನಿಂದ ಕೂದಲು ಬೋಳಿಸುವ ಹಳೇ ರೂಢಿಯನ್ನೇ ನೋಡಿ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಬ್ಲೇಡಿಗಿಂತ ಕ್ಲಿಪ್ಪರ್ ಬಳಸಿದರೆ ಗಾಯದ ಸೋಂಕು ಕಡಿಮೆ ಎಂದು ತಿಳಿಯಿತು. ಕೂದಲು ತೆಗೆಯಬೇಡಿ, ತೀರಾ ಅಗತ್ಯವಿದ್ದರೆ ಕ್ಲಿಪ್ಪರ್ ಮಾತ್ರ ಬಳಸಿ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಸೇರಿಸಿದ ಅಧ್ಯಯನವೇ ಕೆಟ್ಟಿದ್ದರೆ? ಹೃದಯಕ್ಕೆ ಸಂಬಂಧಿಸದ ಆಪರೇಷನ್‌ಗಳಿಗೆ ಮುನ್ನ ಬೀಟಾ ಬ್ಲಾಕರ್ ಮಾತ್ರೆ ಶುರು ಮಾಡುವುದು ಒಳ್ಳೆಯದು ಎಂಬ ನಂಬಿಕೆಗೆ ನೆದರ್‌ಲೆಂಡ್ಸ್‌ನ ‘ಡಿಕ್ರೀಸ್’ ಪ್ರಯೋಗಗಳು ದೊಡ್ಡ ಆಧಾರವಾಗಿದ್ದವು. 2011ರಲ್ಲಿ ಅವುಗಳ ವಿಶ್ವಾಸಾರ್ಹತೆಯೇ ಕುಸಿಯಿತು. 2013ರಲ್ಲಿ ಅವನ್ನು ಕೈಬಿಟ್ಟು, ಉಳಿದ 9 ಪ್ರಯೋಗಗಳ 10,529 ರೋಗಿಗಳ ಲೆಕ್ಕ ತೆಗೆದಾಗ ಉತ್ತರ ತಿರುಗಿಬಿತ್ತು: 30 ದಿನಗಳೊಳಗೆ ಸಾಯುವ ಅಪಾಯ ಶೇ 27ರಷ್ಟು ಹೆಚ್ಚು! (ಈಗಾಗಲೇ ಈ ಮಾತ್ರೆ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು.)

ಅದಕ್ಕೇ ನಿಯಮಗಳಿವೆ. ಹುಡುಕುವ ಮೊದಲೇ ಯೋಜನೆಯನ್ನು ‘ಪ್ರಾಸ್ಪೆರೊ’ದಲ್ಲಿ ನೋಂದಾಯಿಸಬೇಕು. 2011ರಲ್ಲಿ ಆರಂಭವಾದ ಈ ದಾಖಲೆಪಟ್ಟಿ ಉಚಿತ. ಫಲಿತಾಂಶ ನೋಡಿ ಪ್ರಶ್ನೆ ಬದಲಿಸಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅಧ್ಯಯನಗಳನ್ನು ಇಬ್ಬರು ಬೇರೆ ಬೇರೆಯಾಗಿ ಆರಿಸಬೇಕು. ಬರೆಯುವಾಗ ‘ಪ್ರಿಸ್ಮಾ 2020’ರ 27 ಅಂಶಗಳನ್ನು ಪಾಲಿಸಬೇಕು. ಎಷ್ಟು ಸಿಕ್ಕವು, ಎಷ್ಟು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಲ್ಲಕ್ಕೂ ಲೆಕ್ಕ ಕೊಡಬೇಕು. ಪ್ರಿಸ್ಮಾ ವರದಿಯ ನಿಯಮ ಅಷ್ಟೇ. ಕೆಲಸವೇ ಸರಿಯಾಗಿದೆಯೇ ಎಂದು ಅಳೆಯಲು 2017ರ ‘ಆಮ್‌ಸ್ಟಾರ್ 2’ ಇದೆ, ಅದರಲ್ಲಿ 16 ಪ್ರಶ್ನೆಗಳು.

ಸರ್ಜರಿಯಲ್ಲಿ ಇನ್ನೊಂದು ತೊಡಕಿದೆ. ಮಾತ್ರೆ ಯಾರು ಕೊಟ್ಟರೂ ಒಂದೇ, ಆಪರೇಷನ್ ಹಾಗಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ಪಳಗಿದವರ ಫಲಿತಾಂಶವನ್ನೂ ಆಗಷ್ಟೇ ಕಲಿಯುತ್ತಿರುವವರದನ್ನೂ ಒಂದೇ ಚೀಲಕ್ಕೆ ತುಂಬಿದರೆ ಸರಾಸರಿ ಸಿಗುತ್ತದೆಯೇ ಹೊರತು ಸತ್ಯವಲ್ಲ. ಜೊತೆಗೆ, ನಮ್ಮ ಪಿಜಿಗಳು ಬರೆಯುವ ಎಷ್ಟೋ ಪ್ರಬಂಧಗಳು ಜರ್ನಲ್‌ವರೆಗೆ ಹೋಗದೆ ಗ್ರಂಥಾಲಯದಲ್ಲೇ ಉಳಿಯುತ್ತವೆ. ಅವನ್ನೂ ಹುಡುಕದಿದ್ದರೆ ನಮ್ಮ ರೋಗಿಗಳು ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗಾಗಿ ಗೆಳೆಯರೇ, ರಿವ್ಯೂ ಬರೆಯಿರಿ. ಸಂಶೋಧನೆ ಕಲಿಯಲು ಅದು ಒಳ್ಳೆಯ ದಾರಿ. ಆದರೆ ಮೊದಲು ಗ್ರಂಥಪಾಲಕರ ಜೊತೆ ಕೂತು ಹುಡುಕುವುದನ್ನು ಕಲಿಯಿರಿ, ಅಂಕಿಅಂಶ ಬಲ್ಲವರನ್ನು ಜೊತೆಗೆ ಸೇರಿಸಿಕೊಳ್ಳಿ. ತಿಂಗಳುಗಳು ಹಿಡಿಯಲಿ ಬಿಡಿ. ಎಚ್.ಡಿ. ಕೋಟೆಯಿಂದ ಬಸ್ ಹತ್ತಿ ಕೆ.ಆರ್. ಆಸ್ಪತ್ರೆಗೆ ಬರುವವರಿಗೆ ಪ್ರಿಸ್ಮಾ ಗೊತ್ತಿರಬೇಕಿಲ್ಲ. ನಮಗೆ ಗೊತ್ತಿರಬೇಕು.