ಒಂದು ಹೆಸರು, ಇಬ್ಬರು ಹಕ್ಕುದಾರರು

ವಸ್ತುಕೇಂದ್ರಿತ ಪ್ರೋಗ್ರಾಮಿಂಗ್‌ನಲ್ಲಿ ಭಾಷೆಯ ಮೂಲ ವಸ್ತುಗಳಿಗೇ ಹೊಸ ವಿಧಾನಗಳನ್ನು ಸೇರಿಸುವ ವಿಸ್ತರಣೆಗಳು ತಮ್ಮತಮ್ಮೊಳಗೆ, ಕೆಲವೊಮ್ಮೆ ಭಾಷೆಯೊಡನೆಯೇ, ಹೆಸರಿಗಾಗಿ ಘರ್ಷಿಸುವುದುಂಟು. ಜಾವಾಸ್ಕ್ರಿಪ್ಟ್‌ನ ಮೂಟೂಲ್ಸ್ ವಿಸ್ತರಣೆಯು ಎಲ್ಲ ಅರೇಗಳಿಗೂ ‘ಫ್ಲ್ಯಾಟನ್’ ಎಂಬ ವಿಧಾನವನ್ನು ಜೋಡಿಸಿತ್ತು. 2018ರಲ್ಲಿ ಭಾಷೆಯೇ ಅದೇ ಹೆಸರನ್ನು ತರಹೊರಟಾಗ, ಪ್ರಾಯೋಗಿಕ ಫೈರ್‌ಫಾಕ್ಸ್‌ನಲ್ಲಿ ಹಳೆಯ ಜಾಲತಾಣವೊಂದು ಕೆಟ್ಟಿತು. ಅದರ ಸಂಕೇತದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಕಾರಣ ಸೂಕ್ಷ್ಮವಾದುದು. ಮೂಟೂಲ್ಸ್ ತನ್ನ ವಿಧಾನವನ್ನು ಆ ಹೆಸರಿನ ಮೇಲೆಯೇ ಬರೆದರೂ, ಭಾಷೆಯ ಸ್ವಂತ ವಿಧಾನಗಳಿಗಿರುವ ‘ಎಣಿಕೆಗೆ ಸಿಗದ’ ಗುಣ ಅದಕ್ಕೆ ಅಂಟಿಕೊಂಡೇ ಉಳಿಯಿತು. ಅರೇಯ ವಿಧಾನಗಳನ್ನು ಒಂದೊಂದಾಗಿ ಎಣಿಸಿ ತನ್ನ ‘ಎಲಿಮೆಂಟ್ಸ್’ ವರ್ಗಕ್ಕೆ ನಕಲಿಸುತ್ತಿದ್ದ ಮೂಟೂಲ್ಸ್‌ಗೆ ಫ್ಲ್ಯಾಟನ್ ಕಾಣಿಸಲೇ ಇಲ್ಲ.

‘ಸ್ಮೂಶ್’ ಎಂಬ ವಿನೋದದ ಹೆಸರೂ ಸೂಚನೆಗೆ ಬಂದಿತ್ತು! ಕೊನೆಗೆ ಭಾಷಾಸಮಿತಿಯೇ ಹಿಂದೆ ಸರಿಯಿತು. ಬಳಕೆಯ ಹಿರಿತನವನ್ನು ಮನ್ನಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. 2019ರ ಮಾನಕದಲ್ಲಿರುವ ಹೆಸರು ‘ಫ್ಲ್ಯಾಟ್’.