ದೋಣಿಯಲ್ಲಿ ಗ್ಯಾಸ್ ಫ್ರಿಜ್: ಗಾಳಿಗೆ ಎರಡು ದಾರಿ ಅಗತ್ಯ

ಕೊಕ್ಕರ್ಣೆಯ ಮೂಲಕ ಹರಿಯುವ ಸೀತಾನದಿಯು ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಇಂತಹ ಹಿನ್ನೀರಿನಲ್ಲಿ ತಂಗುವ ದೋಣಿಗಳಲ್ಲಿ ಗ್ಯಾಸ್ ಫ್ರಿಜ್ ಅಳವಡಿಸುವ ಮುನ್ನ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಸಣ್ಣ ಜ್ವಾಲೆಯೊಂದು ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಬೇರ್ಪಟ್ಟ ಅಮೋನಿಯಾ ದ್ರವವಾಗಿ, ಪುನಃ ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಫ್ರಿಜ್ ಓರೆಯಾದರೆ ಈ ಹರಿವು ಕುಂಠಿತವಾಗುವುದರಿಂದ ಅದನ್ನು ಸಮತಟ್ಟಾಗಿ ಕೂರಿಸಬೇಕು.

ಅಪಾಯಗಳು ಎರಡು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಹೋಗಬಹುದು; ದೋಣಿಯಲ್ಲಿ ಅದು ತಳಕ್ಕಿಳಿದು ನಿಲ್ಲುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೂ ಒಂದು ಕಿಡಿ ಸಾಕು. ಎರಡನೆಯದು, ಜ್ವಾಲೆಯಿಂದ ಉಂಟಾಗಬಹುದಾದ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮಲಗಿದವರು ಎಚ್ಚರಗೊಳ್ಳದೆ ಪ್ರಾಣ ಕಳೆದುಕೊಳ್ಳಬಹುದು.

ಆದುದರಿಂದ ಸಿಲಿಂಡರನ್ನು ಕೋಣೆಯ ಹೊರಗೆ, ನೇರವಾಗಿ ಬಿಗಿದು ನಿಲ್ಲಿಸಬೇಕು. ಅದರ ಪೆಟ್ಟಿಗೆಯ ಅಡಿಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ದೋಣಿಯ ಹೊರಗೆ ತೆರೆಯುವ ರಂಧ್ರವಿರಬೇಕು. ಜ್ವಾಲೆಯ ಹೊಗೆಯನ್ನು ಪ್ರತ್ಯೇಕ ಕೊಳವೆಯ ಮೂಲಕ ಹೊರಬಿಡಬೇಕು. ಜ್ವಾಲೆಗೆ ಹೊಸ ಗಾಳಿಯೂ ದೊರೆಯಬೇಕು. ಜ್ವಾಲೆ ಆರಿದೊಡನೆ ಅನಿಲವನ್ನು ತಡೆಯುವ ಸಾಧನ ಕಡ್ಡಾಯವೆಂದೇ ಭಾವಿಸುವುದು.

ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ, ಎಂಜಿನ್ ಚಾಲೂ ಮಾಡದೆ ಎಲ್ಲರೂ ಹೊರಬಂದು 1906ಕ್ಕೆ ಕರೆ ಮಾಡತಕ್ಕದ್ದು.

ಸದಸ್ಯರು ಈ ವಿಷಯವನ್ನು ಗ್ರಾಮಸಭೆಯಲ್ಲಿ ದೋಣಿ ಮಾಲೀಕರಿಗೆ ಮನವರಿಕೆ ಮಾಡಿಕೊಡುವುದು. ಈ ವ್ಯವಸ್ಥೆಗೆ ಸ್ಥಳವಿಲ್ಲದ ದೋಣಿಗೆ ಮಂಜುಗಡ್ಡೆಯ ಪೆಟ್ಟಿಗೆಯೇ ಸೂಕ್ತ.