ಕಾಡಿನ ಕವಲಿನ ಉಣ್ಣಿಯಪ್ಪ

ಕೊಡಗಿನ ಕುಟ್ಟ ದಾಟಿದರೆ ವಯನಾಡಿನ ತೋಲ್ಪೆಟ್ಟಿ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಕಾಡು. ಆ ಕಾಡಿನ ನಡುವೆ ತೆಟ್ಟು ರೋಡ್ ಎಂಬ ಕವಲು. ಒಂದು ದಾರಿ ಕಾಟ್ಟಿಕುಳಂ ಮೂಲಕ ಮಾನಂದವಾಡಿಗೆ, ಇನ್ನೊಂದು ತಿರುನೆಲ್ಲಿ ದೇವಸ್ಥಾನಕ್ಕೆ. ಕೆಎ 09, ಕೆಎ 12 ನಂಬರಿನ ಕಾರುಗಳು ಇಲ್ಲಿಗೆ ಬಂದಾಗ ಬ್ರೇಕ್ ಹಿಡಿಯುವುದು ಆನೆ ಕಂಡಿತೆಂದಲ್ಲ, ಉಣ್ಣಿಯಪ್ಪಕ್ಕೆ ಹೆಸರಾದ ಚಹಾದಂಗಡಿ ಇದೆಯೆಂದು.

ನಮ್ಮ ಕರಾವಳಿಯ ಗುಳಿಯಪ್ಪ ತಿಂದವರಿಗೆ ಉಣ್ಣಿಯಪ್ಪ ಹೊಸದೇನಲ್ಲ. ಬೆಳ್ತಿಗೆ ಅಕ್ಕಿ ನೆನೆಸಿ ರುಬ್ಬಿದ ಹಿಟ್ಟು, ಬೆಲ್ಲದ ಪಾಕ, ಕಿವುಚಿದ ಬಾಳೆಹಣ್ಣು, ಏಲಕ್ಕಿ, ಎಳ್ಳು, ತುಪ್ಪದಲ್ಲಿ ಹುರಿದ ತೆಂಗಿನಕಾಯಿ ಚೂರು. ಬಾಳೆ ಹೆಚ್ಚಾಗಿ ಮಲಯಾಳಿಗಳು ಪಾಳಯಂಕೋಡನ್ ಎಂದು ಕರೆಯುವ, ಮಂಗಳೂರು ಕಡೆಯವರ ಮೈಸೂರು ಬಾಳೆ. ಅಪ್ಪ ಮೆತ್ತಗಾಗುವುದು ಅದರಿಂದಲೇ. ಇಷ್ಟೆಲ್ಲ ಕಲಸಿ ಕೆಲವು ಗಂಟೆ ಬಿಡಬೇಕು.

ಆದರೆ ನಿಂತು ನೋಡಬೇಕಾದದ್ದು ಹಿಟ್ಟನ್ನಲ್ಲ, ಒಲೆಯ ಮುಂದಿನ ಕೈಯನ್ನು. ಕಂಚಿನದೋ ಬೀಡಿನದೋ ಕಾವಲಿ, ಅದರ ತುಂಬ ಗುಳಿ. ಗುಳಿಗಳಲ್ಲಿ ತೆಂಗಿನೆಣ್ಣೆ ಕಾದ ಮೇಲೆ ಸೌಟಿನಿಂದ ಹಿಟ್ಟು ಬೀಳುತ್ತದೆ, ಪೂರ್ತಿ ತುಂಬುವಷ್ಟಲ್ಲ. ಅಂಚು ಮೊದಲು ಗಟ್ಟಿಯಾಗುತ್ತದೆ, ನಡುವೆ ಇನ್ನೂ ಹಸಿ. ಆ ಹೊತ್ತಿಗೆ ಕಬ್ಬಿಣದ ಕಡ್ಡಿಯ ತುದಿ ಅಂಚಿಗೆ ತಾಕಿ ಮೇಲೆತ್ತುತ್ತದೆ. ಅಪ್ಪ ಮಗುಚಿಕೊಂಡು, ಹಸಿ ಹಿಟ್ಟು ಗುಳಿಯ ತಳಕ್ಕಿಳಿದು ಉಳಿದ ಅರ್ಧವನ್ನು ತಾನೇ ತುಂಬುತ್ತದೆ. ಹೀಗೆ ಬಟ್ಟಲಾಗಿದ್ದದ್ದು ಉಂಡೆಯಾಗುತ್ತದೆ. ಬೇಗ ಮಗುಚಿದರೆ ಹಿಟ್ಟು ಹರಿದು ಆಕಾರ ಕೆಡುತ್ತದೆ. ತಡವಾದರೆ ನಡುವೆಯೂ ಗಟ್ಟಿಯಾಗಿ, ಇಳಿಯಲು ಹಿಟ್ಟೇ ಉಳಿದಿರುವುದಿಲ್ಲ. ಜೊತೆಗೆ ಬೆಲ್ಲದ ಕಾಟ: ಉರಿ ಜೋರಾದರೆ ಹೊರಗೆ ಕರಕಲು, ಒಳಗೆ ಹಸಿ. ನುರಿತವರು ಗಡಿಯಾರ ನೋಡುವುದಿಲ್ಲ. ಅಂಚಿನ ಬಣ್ಣ, ಎಣ್ಣೆಯ ಸದ್ದು, ಇವೆರಡೇ ಲೆಕ್ಕ. ಮೊದಲ ಗುಳಿಯದನ್ನು ಎತ್ತಿ ಬಸಿಯಲು ಹಾಕುವಾಗ ಕೊನೆಯ ಗುಳಿಯದು ಇನ್ನೂ ಮಗುಚುತ್ತಿರುತ್ತದೆ. ಅಷ್ಟರಲ್ಲಿ ಯಾರೋ ಕಾರಿನ ಕಿಟಕಿಯಿಂದ, “ಚೇಟ್ಟಾ, ಇನ್ನೊಂದು ಹತ್ತು ಕಟ್ಟಿ” ಅನ್ನುತ್ತಾರೆ. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲೇ ವ್ಯಾಪಾರ ಮುಗಿಯುತ್ತದೆ.

ಇದೇ ಗುಳಿಯ ಉಪಾಯ ಡೆನ್ಮಾರ್ಕಿನವರಿಗೂ ಗೊತ್ತು. ಅವರ ಏಬಲ್‌ಸ್ಕಿವರ್ ಕಾವಲಿಯಲ್ಲೂ ಸೂಜಿಯಿಂದ ಚುಚ್ಚಿ ಮಗುಚುತ್ತಾರೆ. ಅಲ್ಲಿ ಗೋಧಿ ಹಿಟ್ಟು, ಕ್ರಿಸ್‌ಮಸ್ ಹೊತ್ತು. ಇಲ್ಲಿ ಅಕ್ಕಿ, ಗಣಪತಿ. ಕೊಲ್ಲಂ ಜಿಲ್ಲೆಯ ಕೊಟ್ಟಾರಕ್ಕರ ಗಣಪತಿಗೆ ಉಣ್ಣಿಯಪ್ಪವೇ ಮುಖ್ಯ ನೈವೇದ್ಯ. ಕಾಸರಗೋಡಿನ ಮಧೂರಿನಲ್ಲೂ ಅಪ್ಪವೇ ಪ್ರಸಾದ. ಗಣಪತಿಯ ಮೂರ್ತಿಯನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ ಅಲ್ಲಿ 1992ರಲ್ಲಿ ನಡೆದ ಮೇಲೆ ಮತ್ತೆ ನಡೆದದ್ದು 2025ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 16ನೇ ಶತಮಾನದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ವನ್ನು ಶುರುಮಾಡಿದ್ದೇ ಹಿಟ್ಟಿನ ತಿನಿಸುಗಳ ಪಿಷ್ಟಪಾಕದಿಂದ. ಅವನ ಊರು ಕಲ್ಲಹಳ್ಳಿ ಇದ್ದದ್ದು ಹುಣಸೂರು ಸೀಮೆಯಲ್ಲಿ. ಕುಟ್ಟದ ಕಡೆ ಹೊರಟ ಮೈಸೂರಿನವರು ಇಂದಿಗೂ ಹಾಯುವುದು ಆ ಸೀಮೆಯನ್ನೇ.

ಆ ದಾರಿಗೆ ಈಗ ಇನ್ನೊಂದು ಮಹತ್ವವಿದೆ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ. ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿ ಬರುವುದೇ ಬದಲಿ ಮಾರ್ಗ. ಹೀಗೆ ಸುತ್ತಿ ಬರುವವರಿಗಿಂತ ಹಳೆಯ ಗಿರಾಕಿಗಳೆಂದರೆ ಯಾತ್ರಿಕರು. ತಿರುನೆಲ್ಲಿಯ ಪಾಪನಾಶಿನಿಯಲ್ಲಿ ಹಿರಿಯರಿಗೆ ಪಿಂಡ ಹಾಕಲು ಕೊಡಗಿನ ಮನೆತನಗಳು ಹಿಂದಿನಿಂದಲೂ ಬರುತ್ತವೆ. ಕಾರ್ಯ ಮುಗಿಸಿ ಹಸಿದು ಮರಳುವವರಿಗೆ ಬಿಸಿ ಚಹಾ, ಜೊತೆಗೆ ಸಿಹಿ. ಕೇರಳದ ಚಹಾದಂಗಡಿಗಳಲ್ಲಿ ನೇಂದ್ರಬಾಳೆಯ ಪಳಂಪೊರಿ, ಹೆಸರುಕಾಳಿನ ಸುಖಿಯನ್ ಕೂಡ ಇರುತ್ತವೆ. ಆದರೆ ಈ ಕವಲಿನಲ್ಲಿ ಅವೆಲ್ಲ ಎರಡನೇ ಸಾಲು.

ಈ ಕಸುಬಿಗೆ ಈಚೆಗೆ ಒಳ್ಳೆಯ ಕಾಲವಲ್ಲ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ, ತಿರುನೆಲ್ಲಿ ವಯನಾಡು ಜಿಲ್ಲೆಯ ಇನ್ನೊಂದು ತುದಿಯಲ್ಲಿ ಸುರಕ್ಷಿತವಾಗಿಯೇ ಇತ್ತು. ಆದರೂ ಪ್ರವಾಸಿಗರು ಇಡೀ ವಯನಾಡಿಗೇ ಬೆನ್ನು ತಿರುಗಿಸಿದರು. ಮರುವರ್ಷ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಬೇರೆ ಎಣ್ಣೆ ಬಳಸಬಹುದು. ಆದರೆ ಆ ಪರಿಮಳ ಬರುವುದಿಲ್ಲ. ಇತ್ತ ಬೇಕರಿಗಳಲ್ಲಿ ಪ್ಯಾಕೆಟ್ ಉಣ್ಣಿಯಪ್ಪ ಸಿಗುತ್ತದೆ. ತಿನ್ನಲು ಅಡ್ಡಿಯಿಲ್ಲ, ಸಿಹಿಯೂ ಸರಿಯಾಗಿಯೇ ಇರುತ್ತದೆ. ಇಲ್ಲದ್ದು ಅಂಚಿನ ಗರಿಗರಿ. ಅದು ಕಾವಲಿಯಿಂದ ಇಳಿದ ಕೆಲವೇ ನಿಮಿಷದ ಆಯುಸ್ಸಿನದು. ಯಾವ ಕವರಿನಲ್ಲೂ ಊರು ತಲುಪುವುದಿಲ್ಲ.

ಹಾಗಾಗಿ ಕಟ್ಟಿಸಿಕೊಂಡು ಓಡುವವರಿಗೆ ಒಂದು ಮಾತು: ಇಲ್ಲೇ ನಿಂತು ಒಂದಾದರೂ ತಿನ್ನಿ. ಕಾಗದವನ್ನು ಕಾಡಿಗೆಸೆಯಬೇಡಿ, ತುಣುಕನ್ನು ಕೋತಿಗೆ ಕೊಡಬೇಡಿ. ರಸ್ತೆ ಇನ್ನಷ್ಟು ಅಗಲವಾದೀತು, ಗಾಡಿಗಳು ಇನ್ನಷ್ಟು ಬೇಗ ಓಡಿಯಾವು. ಕಡ್ಡಿ ಹಿಡಿದು ಅಂಚಿನ ಬಣ್ಣ ಕಾಯುವ ಕೆಲಸಕ್ಕೆ ಮುಂದಿನ ತಲೆಮಾರಿನವರು ಕೂರುತ್ತಾರೋ ಇಲ್ಲವೋ, ಅದು ಆಗ ನಿಲ್ಲುವ ಕಾರುಗಳ ಸಂಖ್ಯೆಯ ಮೇಲಿದೆ.